ಮಗ್ಗ ನಿಂತ ಮೇಲೆ ಕೇಳಿದ ಮಾತು

ನನಗೆ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ದೊಡ್ಡಬಳ್ಳಾಪುರದ ನಮ್ಮ ಕ್ಲಿನಿಕ್ಕಿಗೆ ಒಮ್ಮೆಯಾದರೂ ಬಂದುಹೋದವರು ಹೇಳುತ್ತಾರೆ. ಹದಿನೆಂಟು ವರ್ಷದಿಂದ ಅಲ್ಲಿ ಡಾಕ್ಟರಿಗೆ ಸಹಾಯಕಿಯಾಗಿದ್ದೇನೆ. ತೂಕ ನೋಡುವುದು, ಬಿಪಿ ನೋಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಮಾತ್ರೆ ಕೊಟ್ಟು ಯಾವುದು ಊಟಕ್ಕೆ ಮುಂಚೆ, ಯಾವುದು ಊಟವಾದ ಮೇಲೆ ಎಂದು ಹೇಳುವುದು ನನ್ನ ಕೆಲಸ. ನರ್ಸಿಂಗ್ ಓದಿದವಳಲ್ಲ. ಆರು ತಿಂಗಳ ಒಂದು ಕೋರ್ಸು ಮಾಡಿದ್ದು, ಮಿಕ್ಕಿದ್ದೆಲ್ಲ ಮಾಡುತ್ತ ಮಾಡುತ್ತ ಕಲಿತದ್ದು. ಆದರೂ ಊರಿಗೆಲ್ಲ ನಾನು ಸಿಸ್ಟರಮ್ಮ. ನಮ್ಮ ಡಾಕ್ಟರು ಮೆತ್ತಗೆ ಮಾತಾಡುವ ಮನುಷ್ಯ. ಒಳಗೆ ಅವರು ಪಿಸುಗುಟ್ಟಿದ್ದನ್ನು ಹೊರಗೆ ನಾನು ಕೂಗಿ ಹೇಳಬೇಕು. ಹೀಗಾಗಿ ನಾನು ಬಲು ಚೆನ್ನಾಗಿ ತಿಳಿಸಿ ಹೇಳುತ್ತೇನೆ ಅನ್ನುವ ಹೆಮ್ಮೆ ನನಗಿತ್ತು.

ಜೋರು ಬಾಯಿ ಬಂದದ್ದು ಹುಟ್ಟಿದ ಮನೆಯಿಂದ. ನಮ್ಮದು ನೇಕಾರರ ಮನೆ. ಹಜಾರದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಅದರ ಪಕ್ಕದಲ್ಲೇ ನಮ್ಮ ಓದು, ಊಟ, ಜ್ವರ ಎಲ್ಲಾ. ಮಗ್ಗ ಓಡುವಾಗ ಮಾತು ಕಿವಿಗೆ ಬೀಳುವುದಿಲ್ಲ, ಆದ್ದರಿಂದ ದನಿಯಿಲ್ಲದೆ ಬಾಯಿ ಆಡಿಸಿಯೇ ಮಾತಾಡಿಕೊಳ್ಳುತ್ತಿದ್ದೆವು. ಅಮ್ಮ ಆ ಕೊನೆಯಲ್ಲಿ ನಿಂತು ತುಟಿ ಆಡಿಸಿದರೆ ಈ ಕೊನೆಯಲ್ಲಿ ನನಗೆ ಗೊತ್ತಾಗುತ್ತಿತ್ತು, ಒಲೆಯ ಮೇಲೆ ಸಾರು ಉಕ್ಕುತ್ತಿದೆಯೆಂದು. ಕರೆಂಟು ಹೋಯಿತೆಂದರೆ ಬೀದಿಯೆಲ್ಲ ಒಟ್ಟಿಗೆ ಬಾಯಿ ಬಿಡುತ್ತಿತ್ತು. ಕಿವಿ ಮಂದವಾದ ಜನ, ಕಿರುಚಿಕೊಂಡೇ ಮಾತಾಡುವರು. ಹೊಸದಾಗಿ ಬಂದ ಸೊಸೆಯರು ಬೀದಿಯಲ್ಲಿ ಏನೋ ಜಗಳವಾಗಿದೆ ಎಂದು ಗಾಬರಿಯಾಗಿ ಹೊರಗೆ ಬರುತ್ತಿದ್ದರು.

ಒಂದು ಸಲ ದೇವನಹಳ್ಳಿಯಲ್ಲಿ ನಮ್ಮಂಥ ಸಹಾಯಕರಿಗೆಂದು ಎರಡು ದಿನದ ತರಬೇತಿ ಇಟ್ಟಿದ್ದರು. ರೋಗಿಗಳ ಜೊತೆ ಹೇಗೆ ಮಾತಾಡಬೇಕು, ಅವರ ಮನಸ್ಸು ಹೇಗಿರುತ್ತದೆ ಎಂಬ ವಿಷಯ. ಪಾಠ ಮಾಡಲು ಬಂದ ಹೆಂಗಸು ನಮ್ಮ ಡಾಕ್ಟರಿಗಿಂತ ಮೆತ್ತಗೆ ಮಾತಾಡುವವರು. "ಹೆದರಿಕೊಂಡವರಿಗೆ ನಿಮ್ಮ ಮೊದಲನೇ ಮಾತು ಕೇಳಿಸುತ್ತೆ, ಆಮೇಲಿಂದು ಕೇಳಿಸಲ್ಲ" ಅಂದರು. "ನಿಮ್ಮ ಮಾತಿಗಿಂತ ಮೊದಲು ನಿಮ್ಮ ಮುಖ ಅವರಿಗೆ ಮುಟ್ಟುತ್ತೆ" ಅಂದರು. ಆಮೇಲೆ, "ಅರ್ಥ ಆಯ್ತಾ ಅಂತ ಕೇಳಬೇಡಿ, ಇಲ್ಲ ಅನ್ನೋಕೆ ಎಲ್ಲರಿಗೂ ನಾಚಿಕೆ. ನೀವು ಹೇಳಿದ್ದನ್ನ ಅವರ ಬಾಯಲ್ಲೇ ವಾಪಸ್ ಹೇಳಿಸಿ" ಅಂದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಮೇಡಂ, ಬೆಳಗ್ಗೆ ಬಾಶೆಟ್ಟಿಹಳ್ಳಿ ಫ್ಯಾಕ್ಟರಿ ಶಿಫ್ಟಿಗೆ ಹೋಗೋರು ಬಾಗ್ಲಲ್ಲೇ ಕುಣೀತಿರ್ತಾರೆ. ತೂಬಗೆರೆ ಬಸ್ಸು ಹೊರಟೋಯ್ತದೆ ಅಂತ ರೈತ್ರು ಬಡ್ಕೊಂತಿರ್ತಾರೆ. ಒಬ್ಬೊಬ್ರ ಕೈಲೂ ಪಾಠ ಒಪ್ಪಿಸ್ಕೊಂತಾ ಕೂತ್ರೆ ನಾವೇನು ಕ್ಲಿನಿಕ್ ನಡ್ಸೋದಾ, ಇಸ್ಕೂಲ್ ನಡ್ಸೋದಾ?" ಎಂದೆ.

ಕೂತವರೆಲ್ಲ ನಕ್ಕರು. ಆ ಹೆಂಗಸೂ ನಕ್ಕರು. "ಒಬ್ಬರ ಹತ್ರ ಮಾಡಿ ನೋಡಿ" ಅಂದರು, ಅಷ್ಟೇ. ಮಧ್ಯಾಹ್ನ ಒಬ್ಬಟ್ಟಿನ ಊಟ ಹಾಕಿದರು. ಊರಿಗೆ ಬಂದ ಮೇಲೆ ನೆನಪಿನಲ್ಲಿ ಉಳಿದದ್ದು ಆ ಒಬ್ಬಟ್ಟು ಮಾತ್ರ.

ಅದಾಗಿ ಕೆಲವು ತಿಂಗಳಿಗೆ, ನಾನು ಈಗ ಹೇಳಹೊರಟಿರುವ ಆಯಮ್ಮ ಬಂದಳು. ಐವತ್ತೈದರ ಆಸುಪಾಸಿನ ನೇಕಾರ ಹೆಂಗಸು, ಮನೆಯಲ್ಲಿ ಎರಡು ಮಗ್ಗ. ಗಂಡ ತೀರಿಕೊಂಡಿದ್ದ. ಮಗನಿಗೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ಸೊಸೆ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮಗ್ಗ ಎರಡನ್ನೂ ಆಯಮ್ಮನೇ ನೋಡಿಕೊಳ್ಳುವುದು. ದಿನವೆಲ್ಲ ನಿಂತೇ ಇರಬೇಕಾದ ಕೆಲಸ, ಅದೂ ಬರಿಗಾಲಲ್ಲಿ. ಆಯಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿಗೆ ಯಾವುದೋ ಕಬ್ಬಿಣದ ಚೂರು ಚುಚ್ಚಿ, ಹೆಬ್ಬೆರಳ ಕೆಳಗೆ ಗಾಯವಾಗಿತ್ತು. ಸಕ್ಕರೆಯವರ ಪಾದಕ್ಕೆ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ಚುಚ್ಚಿ ನಾಲ್ಕು ದಿನವಾದ ಮೇಲೆ ನೆಲದ ಮೇಲೆ ರಕ್ತದ ಕಲೆ ನೋಡಿ ಬಂದಿದ್ದಳು.

ಡಾಕ್ಟರು ನೋಡಿ ಚೀಟಿ ಬರೆದರು. ನಾನು ಗಾಯ ತೊಳೆದು ಕಟ್ಟಿದೆ. ಆಮೇಲೆ ಗೋಡೆಯ ಕಪಾಟಿನ ಕಡೆ ತಿರುಗಿಕೊಂಡು ಮಾತ್ರೆ ಹುಡುಕುತ್ತ, ನನ್ನ ಮಾಮೂಲಿ ಪಾಠ ಒಪ್ಪಿಸಿದೆ: ದಿನ ಬಿಟ್ಟು ದಿನ ಬಂದು ಪಟ್ಟಿ ಬದಲಾಯಿಸಿಕೊಳ್ಳಬೇಕು, ನೀರು ಸೋಕಿಸಬಾರದು, ಬರಿಗಾಲಲ್ಲಿ ಓಡಾಡಬಾರದು, ಮಾತ್ರೆ ಎರಡು ಹೊತ್ತು. ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಬೇರೆ. ಕೊರೊನಾ ಹೋದರೂ ನಮ್ಮ ಡಾಕ್ಟರು ಅದನ್ನು ಬಿಡಿಸಿರಲಿಲ್ಲ. ಕೆಮ್ಮಿನವರು ಜಾಸ್ತಿ ಬರುವ ಜಾಗ ಅದು.

"ಗೊತ್ತಾಯ್ತಾಮ್ಮ?" ಎಂದು ತಿರುಗಿ ನೋಡಿದೆ.

ಆಯಮ್ಮ ಒಂದು ಸಲ ತಲೆಯಾಡಿಸಿದಳು, ನಕ್ಕಳು, ಮಾತ್ರೆ ತೆಗೆದುಕೊಂಡು ಹೋದಳು. ನನಗೆ ಬಲು ಇಷ್ಟವಾದಳು. ಎಲ್ಲರೂ ಇವಳ ಹಾಗೆ ಇದ್ದುಬಿಟ್ಟರೆ ಎಷ್ಟು ಚೆನ್ನ, ಒಂದು ಎದುರು ಮಾತಿಲ್ಲ ಅಂದುಕೊಂಡೆ.

ದಿನ ಬಿಟ್ಟು ದಿನ ಬರಬೇಕಾದವಳು ಒಂದು ವಾರ ಕಳೆದು ಬಂದಳು. ಪಾದ ಊದಿಕೊಂಡಿತ್ತು. ನಾನು ಕಟ್ಟಿದ ಪಟ್ಟಿ ಎಲ್ಲಿ ಬಿದ್ದುಹೋಗಿತ್ತೋ, ಅರಿಶಿನ ಮೆತ್ತಿ ಮಗ್ಗದ ಹಳೇ ಬಟ್ಟೆ ಸುತ್ತಿಕೊಂಡಿದ್ದಳು. ಬಿಚ್ಚಿದರೆ ಬೆರಳು ಕಪ್ಪಿಟ್ಟಿತ್ತು, ಗಾಯದಿಂದ ವಾಸನೆ ಬರುತ್ತಿತ್ತು. ನನ್ನ ಕೋಪ ನೆತ್ತಿಗೇರಿತು. ಬೆಂಚಿನ ತುಂಬ ಜನ ಕೂತಿದ್ದರು. ನನಗೆ ಅದೊಂದೂ ಕಾಣಲಿಲ್ಲ.

"ಎಷ್ಟು ಸಲ ಬಡ್ಕೊಬೇಕು ನಿಮ್ಗೆ? ಅವತ್ತು ತಲೆ ಆಡ್ಸಿದ್ದೇ ಆಡ್ಸಿದ್ದು! ನಿಮ್ಗೆ ಕಾಲು ಬೇಕೋ ಬೇಡ್ವೋ?"

ಆಯಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೊದಲಿನ ಹಾಗೆಯೇ ಒಂದು ಸಲ ತಲೆಯಾಡಿಸಿ ನಕ್ಕಳು. ಕಾಲು ಬೇಕೋ ಬೇಡವೋ ಅಂದರೆ ಯಾರಾದರೂ ನಗುತ್ತಾರೆಯೇ? ಬೆಂಚಿನ ಮೇಲಿದ್ದವರೆಲ್ಲ ಘೊಳ್ಳೆಂದು ನಕ್ಕುಬಿಟ್ಟರು. ಅವರು ನಕ್ಕಿದ್ದು ಕಂಡು ಆಯಮ್ಮನ ನಗು ಮುದುಡಿಕೊಂಡಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸಿದಳು.

ಡಾಕ್ಟರು ಕಾಲು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಇದು ನಮ್ಮ ಕೈಲಾಗಲ್ಲ ಸಿಸ್ಟರ್. ಬೆಂಗಳೂರಿನ ಆಸ್ಪತ್ರೆಗೆ ನಾಳೆನೇ ಹೋಗಬೇಕು. ತಡ ಆದ್ರೆ ಬೆರಳಲ್ಲ, ಮಂಡಿಯಿಂದ ಕೆಳಗೆ ತೆಗೀಬೇಕಾಗುತ್ತೆ" ಅಂದರು. ತಮಗೆ ಗೊತ್ತಿದ್ದ ಸರ್ಜನ್ ಒಬ್ಬರಿಗೆ ಅಲ್ಲೇ ಫೋನ್ ಮಾಡಿ, ಕಾಗದವನ್ನೂ ಬರೆದುಕೊಟ್ಟರು. ಆ ಕಾಗದವನ್ನು ಆಯಮ್ಮನ ಕೈಗೆ ತುರುಕಿ, ನಾಳೆ ಬೆಳಗ್ಗೆಯೇ ಹೋಗಬೇಕೆಂದು ನಾನು ಸಿಡುಕಿಕೊಂಡೇ ಹೇಳಿದೆ. ಮತ್ತೆ ತಲೆಯಾಡಿಸಿದಳು. ಕುಂಟುತ್ತ ಹೋದಳು.

ಮಾರನೇ ದಿನ ಸಂಜೆ ಸರ್ಜನ್ ಫೋನ್ ಮಾಡಿದರು, ನೀವು ಹೇಳಿದ ಹೆಂಗಸು ಬರಲೇ ಇಲ್ಲ ಅಂತ. ಅದರ ಮಾರನೇ ದಿನವೂ ಇಲ್ಲ. ಚೀಟಿಯಲ್ಲಿ ಬರೆಸಿದ್ದ ನಂಬರಿಗೆ ಫೋನ್ ಹಚ್ಚಿದರೆ ರಿಂಗ್ ಆಗುತ್ತಿತ್ತು, ಎತ್ತುವವರಿಲ್ಲ. ಡಾಕ್ಟರು ನನ್ನನ್ನು ಕೇಳಿದರು, "ನೀವು ಹೇಳಿದ್ದು ಅವರಿಗೆ ಗೊತ್ತಾಗಿದೆ ತಾನೆ?"

"ಎರಡೆರಡು ಸಲ ಹೇಳಿದೀನಿ ಸಾರ್. ತಲೆ ಆಡ್ಸಿದ್ರು" ಎಂದೆ. ಅವರು ಅದೇ ನಂಬರಿಗೆ ತಾವೇ ಇನ್ನೊಮ್ಮೆ ಫೋನ್ ಹಚ್ಚಿದರು. ಅದೇ ನನ್ನನ್ನು ಚುಚ್ಚಿತು.

ಅವತ್ತು ಸಂಜೆ ಮನೆಗೆ ಬಂದವಳು ಅಮ್ಮನ ಮುಂದೆ ಕಾರಿಕೊಂಡೆ. ಅಮ್ಮ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಮಗ್ಗ ಬಿಟ್ಟು ಹತ್ತು ವರ್ಷವಾಯಿತು. ನಡುಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಬ್ಯಾಗು ಇಡುತ್ತ, ಕೈಕಾಲು ತೊಳೆಯುತ್ತ, ಅಡಿಗೆಮನೆಗೂ ನಡುಮನೆಗೂ ಓಡಾಡುತ್ತ ಕೂಗಾಡಿದೆ. ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ, ಕಾಲು ಹೋಗುತ್ತದೆ ಅಂದರೂ ನಗುತ್ತಾರೆ, ಕೊನೆಗೆ ತಪ್ಪು ಬರುವುದು ನನ್ನ ತಲೆಗೆ. ಅಮ್ಮ ಅವರೆಕಾಯಿಯಿಂದ ಕಣ್ಣೆತ್ತದೆ ಆಗಾಗ ತಲೆಯಾಡಿಸುತ್ತಿದ್ದಳು.

"ನೀನಾದ್ರೂ ಹೇಳಮ್ಮ, ನಂದೇನು ತಪ್ಪು?"

ಅಮ್ಮ ಮತ್ತೆ ತಲೆಯಾಡಿಸಿದಳು. ನನಗೆ ರೇಗಿಹೋಯಿತು. ಅವಳ ಎದುರಿಗೇ ಕುಕ್ಕರಿಸಿ ಕೂತು, "ಇಷ್ಟೊತ್ತು ನಾನೇನಂದೆ? ಹೇಳು ನೋಡಣ" ಎಂದೆ. ಕೇಳಬೇಕೆಂದು ಕೇಳಿದ್ದಲ್ಲ, ಜಗಳಕ್ಕೆ ಕೇಳಿದ್ದು.

ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. "ನಂಗೇನು ಗೊತ್ತೇ? ನೀನು ಆಕಡೆ ಈಕಡೆ ಓಡಾಡ್ತಾ ಇದ್ದೆ. ಒಂದ್ಕಡೆ ನಿಂತ್ಕೊಂಡ್ಮೇಲೆ ಕೇಳಣ ಅಂತಿದ್ದೆ."

"ಮತ್ತೆ ತಲೆ ಯಾಕೆ ಆಡ್ಸ್ದೆ?"

"ನೀನು ಮಾತಾಡ್ತಿರೋದು ಕಾಣ್ಸ್ತು ಅಂತ ಆಡ್ಸ್ದೆ. ಇದೇನೇ ಹಿಂಗೆ ಕೇಳ್ತೀಯ, ಮಗ್ಗದ ಮನೇಲಿ ಹುಟ್ಟಿರೋಳು?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಗೊತ್ತಿಲ್ಲದ ಸಂಗತಿಯಲ್ಲ ಅದು. ನಡೆಯಲು ಕಲಿತಾಗಿನಿಂದ ಗೊತ್ತಿದ್ದದ್ದು. ಓಡುವ ಮಗ್ಗದ ಮುಂದೆ ಇದ್ದವರನ್ನು ಮಾತಾಡಿಸಿದರೆ ಅವರು ಬಟ್ಟೆಯಿಂದ ಕಣ್ಣು ಕೀಳುವುದಿಲ್ಲ. ಒಂದು ಸಲ ತಲೆಯಾಡಿಸುತ್ತಾರೆ. ನೀನು ಬಂದದ್ದು ಕಂಡಿತು, ತಾಳು ಅಂತ ಅದರ ಅರ್ಥ, ಹೂಂ ಅಂತಲ್ಲ. ಲಾಳಿಯಲ್ಲಿ ನೂಲು ಮುಗಿದು ಮಗ್ಗ ನಿಂತಾಗ ತಾವಾಗಿ ತಿರುಗಿ, ಏನಂದೆ ಎಂದು ಕೇಳುತ್ತಾರೆ. ಹಿಂದಿನಿಂದ ಹೋಗಿ ಯಾರೂ ಮಾತಾಡಿಸುವುದಿಲ್ಲ, ಎದುರು ಹೋಗಿ ಬಾಯಿ ಕಾಣುವ ಹಾಗೆ ನಿಲ್ಲಬೇಕು. ನಮ್ಮ ಬೀದಿಯ ಕೂಸುಗಳಿಗೂ ಗೊತ್ತಿರುವ ಮಾತು. ನಾನೋ, ಬೆನ್ನು ತಿರುಗಿಸಿಕೊಂಡು, ಮಾಸ್ಕಿನಲ್ಲಿ ಬಾಯಿ ಮುಚ್ಚಿಕೊಂಡು, ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ನಿಂತ ಹೆಂಗಸಿಗೆ ಬುದ್ಧಿ ಹೇಳಿದ್ದೆ. ಆಯಮ್ಮ ತಾಳು ಎಂದು ಮೂರು ಸಲ ಹೇಳಿದ್ದಳು. ನಮ್ಮ ಕ್ಲಿನಿಕ್ಕಿನಲ್ಲಿ ಮಗ್ಗ ನಿಲ್ಲುವುದೇ ಇಲ್ಲ. ಅವಳು ಏನಂದೆ ಎಂದು ಕೇಳುವ ಹೊತ್ತಿಗೆ ನಾನು ಮುಂದಿನವರನ್ನು ಕರೆದಿರುತ್ತಿದ್ದೆ.

ಥೂ, ನನ್ನ ಜನ್ಮಕ್ಕಿಷ್ಟು! ನಾಚಿಕೆಯಾಯಿತು. ಅಳುವೂ ಬಂತು. ಅಮ್ಮ ನನ್ನ ಬಾಯಿಯನ್ನೇ ನೋಡುತ್ತ, "ಈಗ ಹೇಳು, ಏನಾಯ್ತು?" ಎಂದಳು.

ಮಾರನೇ ದಿನ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮುಂಚೆಯೇ ಆಯಮ್ಮನ ಮನೆ ಹುಡುಕಿಕೊಂಡು ಹೋದೆ. ಬೀದಿಯ ತುದಿಯಿಂದಲೇ ಮಗ್ಗದ ಸದ್ದು. ಬಾಗಿಲು ತೆರೆದೇ ಇತ್ತು. ಊದಿದ ಕಾಲಿಗೆ ಬಟ್ಟೆ ಸುತ್ತಿಕೊಂಡು, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು ಮಹಾತಾಯಿ. ಜ್ವರದಲ್ಲಿ ಮುಖ ಕೆಂಪೇರಿತ್ತು. ಅದನ್ನು ನೋಡಿ ಬೈಗುಳ ನನ್ನ ಬಾಯಿ ತುದಿಗೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನುಂಗಿಕೊಂಡೆ. ಮಗ್ಗದ ಎದುರಿಗೆ ಹೋಗಿ ನಿಂತು, ಮಾಸ್ಕ್ ತೆಗೆದು ಬ್ಯಾಗಿಗೆ ಹಾಕಿದೆ. ಆಯಮ್ಮ ನೋಡಿದಳು. ಒಂದು ಸಲ ತಲೆಯಾಡಿಸಿದಳು.

ನಾನು ಕಾದೆ. ಎಷ್ಟು ಹೊತ್ತೋ, ಐದು ನಿಮಿಷ ಇರಬಹುದು. ನನ್ನ ಆಯುಷ್ಯದಲ್ಲಿ ಬಾಯಿ ಮುಚ್ಚಿಕೊಂಡು ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ಲಾಳಿಯ ನೂಲು ಮುಗಿಯಿತು, ಮಗ್ಗ ನಿಂತಿತು. ಇನ್ನೊಂದು ಮಗ್ಗ ಇನ್ನೂ ಓಡುತ್ತಲೇ ಇತ್ತು. ಆಯಮ್ಮ ತಿರುಗಿದಳು, ದನಿಯಿಲ್ಲದೆ ಬಾಯಿ ಆಡಿಸಿ, ಏನು ಅಂದಳು. ನಾನೂ ದನಿಯಿಲ್ಲದೆ ಹೇಳಿದೆ, ಅಮ್ಮನ ಮನೆಯಲ್ಲಿ ಮಾತಾಡುತ್ತಿದ್ದ ಹಾಗೆ, ನಿಧಾನವಾಗಿ: ನಿಮ್ಮ ಕಾಲಿನ ವಿಷಯ ಹೇಳೋಕೆ ಬಂದೆ.

ಆಯಮ್ಮ ಹೋಗಿ ಎರಡನೇ ಮಗ್ಗವನ್ನೂ ನಿಲ್ಲಿಸಿದಳು. ಮನೆ ಗಪ್ಪೆಂದಿತು.

"ನೀನು ನಮ್ಮೋಳಾ?" ಎಂದಳು, ನೇಕಾರರ ದೊಡ್ಡ ದನಿಯಲ್ಲಿ. "ಮಗ್ಗದ ಮನೆಯೋಳಾಗಿ ಅಲ್ಲಿ ಯಾಕವ್ವ ಹಂಗಾಡ್ತೀಯ?"

"ನಾನು ಹೇಳಿದ್ದು ನಿಮ್ಗೆ ಒಂದೂ ಕೇಳಿಸ್ಲಿಲ್ವಾ?" ಎಂದೆ.

"ಬಾಯಿ ಮುಚ್ಚಿತ್ತಲ್ಲ, ಮಾತು ಎಲ್ಲಿ ಕಾಣ್ತದೆ? ಕಣ್ಣೊಂದೇ ಕಾಣ್ತಿತ್ತು. ಬಯ್ತಾವ್ಳೆ ಅಂತ ಗೊತ್ತಾಯ್ತು. ಯಾಕೆ ಅಂತ ಗೊತ್ತಾಗ್ಲಿಲ್ಲ. ಬೆಂಚಲ್ಲಿರೋರೆಲ್ಲ ನಕ್ರು. ಇನ್ನು ಬರ್ಬೇಡ ಅಂತಿರ್ಬೇಕು ಅಂದ್ಕೊಂಡು ಬಂದ್ಬಿಟ್ಟೆ."

ಡಾಕ್ಟರ ಕಾಗದ ದೇವರ ಪಟದ ಹಿಂದೆ ಇತ್ತು. ಓದಲು ಬರುತ್ತಿರಲಿಲ್ಲ. ಮಗನಿಗೆ ತೋರಿಸಿರಲಿಲ್ಲ, ಹೆರಿಗೆ ಹತ್ತಿರ ಬಂದಿದೆ, ಅವನ ತಲೆಗೆ ಇದೊಂದು ಯಾಕೆ ಅಂತ. ಸೊಸೆ ಇದ್ದಿದ್ದರೆ ಓದಿರುತ್ತಿದ್ದಳು. ನಾನು ಎದುರು ಕೂತು ಎಲ್ಲವನ್ನೂ ಹೇಳಿದೆ. ಆಯಮ್ಮ ನನ್ನ ಬಾಯಿಯಿಂದ ಕಣ್ಣು ಕೀಳಲಿಲ್ಲ.

"ಕಾಲು ಹೋಗ್ತದಾ?"

ಏನೂ ಆಗಲ್ಲ ಬಿಡಿ ಅನ್ನುವುದು ನಮ್ಮ ಅಭ್ಯಾಸ. ದಿನಕ್ಕೆ ಹತ್ತು ಸಲ ಅನ್ನುತ್ತೇವೆ, ನಮಗೆ ಹಗುರವಾಗಲೆಂದು. ಅವತ್ತು ಅನ್ನಲಾಗಲಿಲ್ಲ. "ಬೆರಳು ಹೋಗ್ಬೋದು. ಇವತ್ತೇ ಹೊರಟ್ರೆ ಕಾಲು ಉಳೀಬೋದು. ಗ್ಯಾರಂಟಿ ಹೇಳಕ್ಕೆ ನಂಗೆ ಗೊತ್ತಾಗ್ತಿಲ್ಲ" ಎಂದೆ. ಆಮೇಲೆ ದೇವನಹಳ್ಳಿಯ ಆ ಮೆತ್ತನೆ ದನಿಯ ಹೆಂಗಸಿಗೆ ಮನಸ್ಸಿನಲ್ಲೇ ಕೈಮುಗಿದು, "ನಾನೇನಂದೆ, ನೀವೊಂದ್ಸಲ ಹೇಳಿ" ಎಂದು ಕೇಳಿದೆ.

ಆಯಮ್ಮ ಒಂದೊಂದಾಗಿ ಹೇಳಿದಳು. "ಬೆರಳು ಆಸೆ ಬಿಡು ಅಂದೆ. ಕಾಲು ಉಳಿಸ್ಕೊಬೇಕಾದ್ರೆ ಇವತ್ತೇ ಹೋಗು ಅಂದೆ. ಮಗಂಗೆ ಹೇಳು ಅಂದೆ. ಮಗ್ಗ ನಿಲ್ಸು ಅಂದೆ." ನಿಂತ ಮಗ್ಗಗಳ ಕಡೆ ನೋಡಿ, "ಮಗ್ಗ ನಿಲ್ಸು ಅಂತ ನೀನು ಅನ್ಲಿಲ್ಲ. ನಾನೇ ಹೇಳ್ಕೊಂಡೆ" ಎಂದಳು.

ನಾನೇ ಅವಳ ಮಗನಿಗೆ ಫೋನ್ ಮಾಡಿ ಫ್ಯಾಕ್ಟರಿಯಿಂದ ಕರೆಸಿದೆ. ಮಧ್ಯಾಹ್ನದ ಹೊತ್ತಿಗೆ ಹೊರಟರು. ಆಮೇಲಿನ ಮೂರು ದಿನ ಕ್ಲಿನಿಕ್ಕಿನಲ್ಲಿ ಫೋನ್ ಬಂದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ನಾಲ್ಕನೇ ದಿನ ಡಾಕ್ಟರು ಹೊರಗೆ ಬಂದು ಹೇಳಿದರು: ಎರಡು ಬೆರಳು ತೆಗೆದಿದ್ದಾರೆ, ಪಾದ ಉಳಿದಿದೆ. ನಾನು ಹಿಂದಿನ ಕೋಣೆಗೆ ಹೋಗಿ ಅತ್ತು ಬಂದೆ. ನನ್ನ ತಪ್ಪಿಗೆ ಎರಡು ಬೆರಳು. ಈ ಲೆಕ್ಕವನ್ನು ಡಾಕ್ಟರಾಗಲಿ ಆಯಮ್ಮನಾಗಲಿ ಹೇಳಲಿಲ್ಲ. ನಾನೇ ಹೇಳಿಕೊಳ್ಳುತ್ತೇನೆ.

ಅದಾದ ಮೇಲೆ ನಾನು ಕಪಾಟಿನ ಜಾಗ ಬದಲಾಯಿಸಿ, ಎದುರು ಮುಖ ಮಾಡಿಯೇ ಮಾತ್ರೆ ಕೊಡುವ ಹಾಗೆ ಮಾಡಿಕೊಂಡೆ. ಕಿವಿ ಮಂದ ಇದ್ದವರನ್ನು ಕಿಟಕಿಯ ಪಕ್ಕಕ್ಕೆ ಕರೆದು, ಮಾಸ್ಕ್ ಇಳಿಸಿ ಮಾತಾಡುತ್ತೇನೆ, ಡಾಕ್ಟರು ಒಪ್ಪಿದ್ದಾರೆ. ಕೋಪವೇನೂ ಹೋಗಿಲ್ಲ. ಹುಟ್ಟುಗುಣ, ಎಲ್ಲಿಗೆ ಹೋಗುತ್ತದೆ? ಬಾಶೆಟ್ಟಿಹಳ್ಳಿ ಶಿಫ್ಟಿನವರು, ಪಾಠ ಒಪ್ಪಿಸೋಕೆ ಟೈಮಿಲ್ಲ ಬಿಡ್ರಿ ಸಿಸ್ಟರ್ ಎಂದು ಗೊಣಗುತ್ತಾರೆ. ಒಪ್ಪಿಸಿಯೇ ಹೋಗಬೇಕು.

ಎರಡು ತಿಂಗಳಾದ ಮೇಲೆ ಆಯಮ್ಮ ಪಟ್ಟಿ ಬದಲಾಯಿಸಿಕೊಳ್ಳಲು ನಮ್ಮಲ್ಲಿಗೇ ಬರತೊಡಗಿದಳು. ಸೊಸೆಗೆ ಹೆಣ್ಣು ಮಗುವಾಗಿತ್ತು. ಕಾಲಿಗೆ ಮೆತ್ತನೆ ಚಪ್ಪಲಿ. ಒಂದು ದಿನ ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ. ನಾನು ಕಿಟಕಿಯ ಪಕ್ಕ ಕೂತು, ಮಾಸ್ಕ್ ಇಳಿಸಿ, ಅವಳ ಪಾದವನ್ನು ಮಡಿಲಲ್ಲಿಟ್ಟುಕೊಂಡು ಪಟ್ಟಿ ಬಿಚ್ಚುತ್ತಿದ್ದೆ.

"ಅವತ್ತು ಏನೋ ಕೇಳ್ದೆ ನನ್ನ" ಎಂದಳು.

"ಯಾವತ್ತು?"

"ಎಲ್ರೂ ನಕ್ರಲ್ಲ, ಅವತ್ತು. ಏನಂದೆ?"

ನನ್ನ ಕೈ ನಿಂತಿತು. ಎಲ್ಲರೂ ನಕ್ಕದ್ದು ಅವಳ ಮನಸ್ಸಿನಲ್ಲಿ ಹಾಗೇ ಉಳಿದಿತ್ತು. ಅವಳ ಲೆಕ್ಕದಲ್ಲಿ ಆ ಮಾತು ಇನ್ನೂ ಮುಗಿದಿರಲಿಲ್ಲ. ತಾಳು ಎಂದಿದ್ದಳು, ಈಗ ಮಗ್ಗ ನಿಂತಿತ್ತು, ಕೇಳುತ್ತಿದ್ದಳು. ಬೇರೆ ಏನಾದರೂ ಹೇಳಿಬಿಡಬಹುದಿತ್ತು, ಹುಷಾರು ಅಂದೆ ಅಂತಲೋ, ಬೇಗ ವಾಸಿಯಾಗಲಿ ಅಂದೆ ಅಂತಲೋ. ಆದರೆ ಆಯಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಬಾಯಿ ನೋಡುವವರ ಮುಂದೆ ಸುಳ್ಳು ಹೇಳುವುದು ಬಲು ಕಷ್ಟ.

ನಿಧಾನವಾಗಿ, ಒಂದೊಂದೇ ಮಾತು ಕಾಣುವ ಹಾಗೆ, ಅವತ್ತಿನದ್ದನ್ನೇ ಹೇಳಿದೆ. "ನಿಮ್ಗೆ ಕಾಲು ಬೇಕೋ ಬೇಡ್ವೋ ಅಂದೆ."

ಆಯಮ್ಮ ನನ್ನ ಮಡಿಲಲ್ಲಿದ್ದ ಪಾದವನ್ನು ನೋಡಿಕೊಂಡಳು.

"ಬೇಕಿತ್ತು ಕಣವ್ವ" ಎಂದಳು.